ಹದಿಮೂರನೇ ತಿದ್ದುಪಡಿಯ ನಡುವಿನ ಸಾಲು

ಮಕ್ಕಳಿಗೆ ಸಂವಿಧಾನ ಗೊತ್ತಿಲ್ಲ ಅನ್ನೋದು ನಮ್ಮ ರಾಜ್ಯದ ಶಾಸನಸಭೆಗೆ ಒಂದು ದಿನ ಇದ್ದಕ್ಕಿದ್ದಂತೆ ಗೊತ್ತಾಯಿತು. ಮಕ್ಕಳ ಹೊಟ್ಟೆಗಿಲ್ಲ ಅನ್ನೋದು ಗೊತ್ತಾಗಿರಲಿಲ್ಲ. ಶಾಲೆಯ ಸೂರು ಸೋರುತ್ತೆ ಅನ್ನೋದೂ ಗೊತ್ತಾಗಿರಲಿಲ್ಲ. ಸಂವಿಧಾನ ಗೊತ್ತಿಲ್ಲ ಅನ್ನೋದೊಂದು ಗೊತ್ತಾಗಿ, ಪಾಪ, ಅವರಿಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲವಂತೆ. ಕಾನೂನು ಮಾಡಿಯೇಬಿಟ್ಟರು. ಹೈಸ್ಕೂಲಿನ ಪ್ರತಿಯೊಂದು ಮಗುವೂ ದೇಶದ ಸಂವಿಧಾನ ಓದಬೇಕು, ರಾಜ್ಯದ ಸಂವಿಧಾನ ಓದಬೇಕು, ಎರಡರಲ್ಲೂ ಪಾಸಾಗಬೇಕು. ಇಲ್ಲದಿದ್ದರೆ ಡಿಪ್ಲೊಮಾ ಇಲ್ಲ, ಅಂದರೆ ಹೈಸ್ಕೂಲು ಮುಗಿಸಿದ ಸರ್ಟಿಫಿಕೇಟೇ ಇಲ್ಲ. ಮಸೂದೆ ತಂದ ಪುಣ್ಯಾತ್ಮ ಸೆನೆಟರ್ ವಿಲ್ಬರ್ನ್ ಸ್ಟ್ರೀಟ್‌ಮನ್.

ರಾಜ್ಯ ಯಾವುದು ಅಂತ ಕೇಳಬೇಡಿ. ಅಮೆರಿಕದ ದಕ್ಷಿಣದ್ದು, ಅಷ್ಟು ಸಾಕು. ಒಂದರ ಹೆಸರು ಹೇಳಿದರೆ ಅಕ್ಕಪಕ್ಕದವು ‘ನಮ್ಮನ್ಯಾಕೆ ಬಿಟ್ಟೆ’ ಅಂತ ಮುನಿಸಿಕೊಳ್ಳುತ್ತವೆ.

ಜಲೀಸಾ ಗ್ರೇಡಿಗೆ ಹದಿನೇಳು ವರ್ಷ. ತಾಯಿ ತೀರಿಹೋಗಿದ್ದಳು. ಅಪ್ಪನ ತಾಯಿ ಅರ್ನೆಸ್ಟೀನ್ ಅಜ್ಜಿಯ ಜೊತೆ, ಕೋಳಿ ಕಾರ್ಖಾನೆಯ ಹಿಂದಿನ ಕರಿಯರ ಬೀದಿಯಲ್ಲಿ ಅವಳ ವಾಸ. ಅಜ್ಜಿ ಆ ಕಾರ್ಖಾನೆಯಲ್ಲೇ ಆಯಸ್ಸು ಸವೆಸಿದವಳು. ಕೊಕ್ಕೆಗೆ ತಗುಲಿಹಾಕಿದ ಕೋಳಿ ಸಾಲಾಗಿ ಬರುತ್ತಿತ್ತು, ಅಜ್ಜಿ ರೆಕ್ಕೆ ಕತ್ತರಿಸುತ್ತಿದ್ದಳು. ಮೂತ್ರಕ್ಕೆ ಹೋಗಲೂ ಸಾಲು ನಿಲ್ಲುತ್ತಿರಲಿಲ್ಲ. ಈಗ ಅವಳ ಬೆರಳು ಮಡಿಸಿದರೆ ಬಿಚ್ಚಲ್ಲ, ಬಿಚ್ಚಿದರೆ ಮಡಿಸಲ್ಲ. ಅಂಗಿಯ ಗುಂಡಿ ಹಾಕೋದು ಮೊಮ್ಮಗಳು.

ಆ ಮೊಮ್ಮಗಳಿಗೆ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸಿಂಗ್ ತರಬೇತಿಗೆ ಸೀಟು ಸಿಕ್ಕಿತ್ತು. ಷರತ್ತು ಒಂದೇ. ಡಿಪ್ಲೊಮಾ ತರಬೇಕು. ಅಜ್ಜಿ ಚರ್ಚಿನಲ್ಲಿ ಎದ್ದು ನಿಂತು ಎಲ್ಲರಿಗೂ ಹೇಳಿಕೊಂಡಿದ್ದಳು. ನಮ್ಮ ವಂಶದಲ್ಲಿ ಬಿಳಿ ಬಟ್ಟೆ ಹಾಕಿಕೊಂಡು ದುಡಿಯೋ ಮೊದಲನೆಯವಳು ಇವಳು ಅಂತ. ಬಾಯಿಂದ ಆ ಮಾತು ಬಿದ್ದಮೇಲೆ ಸ್ವಲ್ಪ ಹೊತ್ತು ಅವಳ ಮುಖ ಸಪ್ಪಗಾಯಿತು. ಯಾಕೆಂದರೆ ಬಿಳಿ ಬಟ್ಟೆ ಹಾಕಿಕೊಂಡು ದುಡಿಯೋ ಮೊದಲನೆಯವನು ಆಗಲೇ ಒಬ್ಬ ಇದ್ದ. ಅವಳ ಮಗ, ಜಲೀಸಾಳ ಅಪ್ಪ, ಕ್ಲೀವನ್ ಮಬ್ರಿ. ನಮ್ಮಲ್ಲಿ ಜೈಲಿನ ಬಟ್ಟೆ ಬಿಳಿ.

ಕ್ಲೀವನ್ ಮಹಾ ಭಯಂಕರ ಅಪರಾಧಿ. ಖಾಲಿ ಬಿದ್ದ ಮನೆಯೊಂದರ ತಾಮ್ರದ ಕೊಳವೆ ಕಿತ್ತಿದ್ದ. ಅದಕ್ಕೂ ಮೊದಲು, ಹುಡುಗು ಬುದ್ಧಿಯಲ್ಲಿ, ಒಂದು ಸುಳ್ಳು ಚೆಕ್ಕು ಬರೆದಿದ್ದ, ಇನ್ನೊಮ್ಮೆ ಯಾರದೋ ಟೈರು ಹೊತ್ತುಕೊಂಡು ಹೋಗಿದ್ದ. ಮೂರು ಸಲ ಸಿಕ್ಕಿಬಿದ್ದರೆ ನಮ್ಮ ಕಾನೂನಿಗೆ ತಾಳ್ಮೆ ತಪ್ಪುತ್ತದೆ. ಇಪ್ಪತ್ತು ವರ್ಷ ಹಾಕಿದರು. ಬ್ಯಾಂಕು ಮುಳುಗಿಸಿದವರಿಗೆ ಇಷ್ಟು ಹಾಕೋದಿಲ್ಲ, ಅವರು ಕೊಳವೆ ಮುಟ್ಟಿರೋದಿಲ್ಲವಲ್ಲ!

ಜೈಲಿನವರು ಅವನನ್ನು ರಸ್ತೆ ಕೆಲಸಕ್ಕೆ ಹಾಕಿದ್ದರು. ಹೆದ್ದಾರಿಯ ಗುಂಡಿಗೆ ಕುದಿಯೋ ಡಾಂಬರು ಸುರಿಯೋದು, ಸಲಿಕೆಯಲ್ಲಿ ಹರಡೋದು, ಚರಂಡಿ ತೋಡೋದು. ಕೌಂಟಿಯವರು, ಅಂದರೆ ಜಿಲ್ಲೆಯ ಆಡಳಿತದವರು, ಕರೆದರೆ ಅವರ ಹುಲ್ಲು ಕೊಯ್ಯೋದು, ಅವರ ಕುರ್ಚಿ ಹೊರೋದು. ಸಂಬಳ ಸೊನ್ನೆ. “ಊಟ ಹಾಕ್ತೀವಲ್ಲ,” ಅನ್ನೋರು. ಒಲ್ಲೆ ಅಂದರೆ ಕತ್ತಲೆ ಕೋಣೆ. ಮನೆಯವರ ಭೇಟಿ ಬಂದ್. ಅವಧಿಗೆ ಮೊದಲೇ ಬಿಡಿ ಅನ್ನೋ ಪೆರೋಲ್ ಅರ್ಜಿ ಕಸದ ಬುಟ್ಟಿಗೆ. ಒಮ್ಮೆ ಡಾಂಬರು ಅವನ ಎಡಗೈ ಮೇಲೆ ಉಕ್ಕಿತು. ಚರ್ಮ ಡಾಂಬರಿಗೇ ಅಂಟಿಕೊಂಡು ಬಂತು. ಭಾನುವಾರ ಭೇಟಿಗೆ ಹೋದಾಗ ಜಲೀಸಾ ಬ್ಯಾಂಡೇಜು ನೋಡಿ ಅತ್ತಳು. ಅವನು ನಕ್ಕ.

“ಅಳ್ಬೇಡ ಕಣೇ. ಶಾಲೆಗೆ ಹೋಗ್ತೀಯಲ್ಲ, ಅದು ನಾನು ಹಾಕಿದ ರೋಡೇ. ಬಸ್ಸು ಕುಲುಕಾಡುತ್ತಾ ಹೇಳು?”

“ಇಲ್ಲ ಅಪ್ಪ.”

“ಮತ್ತೆ? ನೀನು ಡಿಪ್ಲೊಮಾ ತಗೋ. ಮಿಕ್ಕಿದ್ದು ನಾನು ನೋಡ್ಕೋತೀನಿ.”

ಜೈಲಿನಲ್ಲಿ ಕೂತವನು ಏನು ನೋಡಿಕೊಳ್ಳುತ್ತಾನೋ ದೇವರಿಗೇ ಗೊತ್ತು. ಆದರೆ ಅಪ್ಪ ಹೇಳಿದ ಮೇಲೆ ಆಯಿತು.

ಶಾಲೆಯಲ್ಲಿ ಸಂವಿಧಾನ ಕಲಿಸುತ್ತಿದ್ದವರು ಹೋಲ್ಕಂಬ್ ಸರ್. ಬಿಳಿಯರು, ಮೃದು ಮನುಷ್ಯ, ಯಾರಿಗೂ ಕೆಟ್ಟವರಾಗಲು ಧೈರ್ಯ ಸಾಲದವರು. ಅವರ ಪರೀಕ್ಷೆಯ ಕ್ರಮ ಹೀಗೆ: ವಿಧಿಯನ್ನು ಬಾಯಿಪಾಠ ಒಪ್ಪಿಸಬೇಕು, ಅರ್ಥ ಹೇಳಬೇಕು, ಕಣ್ಣಾರೆ ಕಂಡ ಒಂದು ಉದಾಹರಣೆ ಕೊಡಬೇಕು. ಈ ವರ್ಷ ಪರೀಕ್ಷೆ ಕೋಣೆಯಲ್ಲಲ್ಲ, ಸಂವಿಧಾನ ದಿನದಂದು, ಊರಿನವರ ಮುಂದೆ, ಖುದ್ದು ಸೆನೆಟರ್ ಸಾಹೇಬರ ಸಮಕ್ಷಮದಲ್ಲಿ. ಚೀಟಿ ಎತ್ತಿದಾಗ ಜಲೀಸಾಳಿಗೆ ಬಂದದ್ದು ದೇಶದ ಸಂವಿಧಾನದ ಹದಿಮೂರನೇ ತಿದ್ದುಪಡಿ. ಗುಲಾಮಗಿರಿ ರದ್ದು ಮಾಡಿದ್ದು. ಸರ್ ಕೊಟ್ಟ ಹಾಳೆಯಲ್ಲಿ ನಡುವಿನ ಒಂದು ಸಾಲಿಗೆ ಪೆನ್ಸಿಲ್ ಎಳೆದಿತ್ತು.

“ಸರ್, ಇದನ್ನ ಯಾಕೆ ಹೊಡೆದು ಹಾಕಿದ್ದೀರಿ?”

“ಟೈಮ್ ಸಾಲಲ್ಲಮ್ಮ. ತುಂಬ ಜನ ಮಕ್ಕಳಿದ್ದಾರೆ.”

“ಉಸಿರು ಬಿಡೋಷ್ಟು ಹೊತ್ತು ಸಾಕು ಸರ್ ಅದಕ್ಕೆ.”

“ಜಲೀಸಾ, ಹಬ್ಬದ ದಿನ ಅದೆಲ್ಲ ಯಾಕೆ ಹೇಳು?”

‘ಅದೆಲ್ಲ’ ಅಂದರೆ ಇಷ್ಟೆ: ಅಪರಾಧಕ್ಕೆ ಶಿಕ್ಷೆಯಾಗಿ ವಿಧಿಸಿದ್ದನ್ನು ಬಿಟ್ಟು. ಗುಲಾಮಗಿರಿ ಎಲ್ಲೂ ಇರಕೂಡದು, ಜೈಲಿನವನ ವಿಷಯ ಬಿಟ್ಟು. ಬಾಗಿಲಿಗೆ ಬೀಗ ಜಡಿದು ಹಿತ್ತಿಲ ಕದ ತೆರೆದಿಟ್ಟ ಹಾಗೆ.

“ಇನ್ನೊಂದು ಡೌಟು ಸರ್. ನಮ್ಮ ರಾಜ್ಯದ ಸಂವಿಧಾನದಲ್ಲಿ ಆ ಸಾಲೇ ಇಲ್ಲ. ಓಟು ಹಾಕಿ ತೆಗೆದುಬಿಟ್ಟಿದ್ದಾರೆ. ಯಾವ ರೂಪದ ಗುಲಾಮಗಿರಿಯೂ ಇಲ್ಲ ಅಂತಿದೆ. ಹಂಗಾದ್ರೆ ನಮ್ಮಪ್ಪ ಯಾವ ಸಂವಿಧಾನದ ಪ್ರಕಾರ ಡಾಂಬರು ಹಾಕ್ತಿದ್ದಾರೆ?”

ಹೋಲ್ಕಂಬ್ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಅದರಲ್ಲಿ ಧೂಳು ಇರಲಿಲ್ಲ.

“ಅದು ಸಿಲಬಸ್‌ನಲ್ಲಿ ಇಲ್ಲಮ್ಮ,” ಅಂದರು.

ಮನೆಗೆ ಬಂದು ಅಜ್ಜಿಗೆ ಹೇಳಿದಳು. ಅಜ್ಜಿ ಸೊಪ್ಪು ಬೇಯಿಸುತ್ತಿದ್ದಳು. ತಿರುಗಿ ಸಹ ನೋಡಲಿಲ್ಲ.

“ಹೊಡೆದು ಹಾಕಿದ್ರೆ ಹಾಕ್ಲಿ. ಅವರ ಸಂವಿಧಾನ, ಅವರ ಪೆನ್ಸಿಲ್ಲು. ನಿಂಗೆ ಬೇಕಿರೋದು ಡಿಪ್ಲೊಮಾ. ನಾನು ಎಷ್ಟು ನುಂಗಿಲ್ಲ? ನೀನು ಒಂದು ಸಾಲು ನುಂಗು. ಸಾಯಲ್ಲ.”

“ಸರಿ ಅಜ್ಜಿ,” ಅಂದಳು ಜಲೀಸಾ. ನಿಜವಾಗಲೂ ನುಂಗೋದು ಅಂತಲೇ ಇದ್ದಳು.

ಸಂವಿಧಾನ ದಿನ ಬಂತು. ಶಾಲೆಯ ಬಾಸ್ಕೆಟ್‌ಬಾಲ್ ಒಳಾಂಗಣದಲ್ಲಿ ಸಮಾರಂಭ. ಕುರ್ಚಿ ಸಾಲು ಮಾಡಲು, ವೇದಿಕೆ ಜೋಡಿಸಲು ಕೌಂಟಿಯವರು ಜೈಲಿಂದ ಆಳು ತರಿಸಿದ್ದರು. ಸಂವಿಧಾನದ ಹಬ್ಬಕ್ಕೆ ಕೂಲಿ ಕೊಟ್ಟು ಆಳು ತರೋಕೆ ಅವರಿಗೇನು ತಲೆ ಕೆಟ್ಟಿತ್ತೇ? ಕೈದಿಯ ನೆಂಟರಿಷ್ಟರು ಇರೋ ಜಾಗಕ್ಕೆ ಆ ಕೈದಿಯನ್ನು ಕಳಿಸಬಾರದು ಅಂತ ಜೈಲಿನ ನಿಯಮ. ಅಧಿಕಾರಿಗಳು ಕರ್ತವ್ಯನಿಷ್ಠರು, ನೋಡಿದರು. ಶಾಲೆಯಲ್ಲಿ ಮಬ್ರಿ ಅನ್ನೋ ಮಗು ಇಲ್ಲ. ಜಲೀಸಾಳದು ತಾಯಿಯ ಮನೆತನದ ಹೆಸರು. ಭಾನುವಾರದ ಭೇಟಿಯ ಪುಸ್ತಕ ತೆರೆಯೋ ಕಷ್ಟ ಯಾರೂ ತಗೊಳ್ಳಲಿಲ್ಲ. ಅಜ್ಜಿ ಅನ್ನೋಳು ಒಬ್ಬಳು ಇರಬಹುದು ಅಂತ ಅವರಿಗೆ ಹೊಳೆಯಲಿಲ್ಲ.

ಕೆಲಸ ಮುಗಿಸಿ ಅತಿಥಿಗಳು ಬರೋ ಮೊದಲೇ ಅವರು ಹೊರಡಬೇಕಿತ್ತು. ಆದರೆ ಹಿತ್ತಿಲಲ್ಲಿ ಹಂದಿ ಮಾಂಸ ಬೇಯುತ್ತಿತ್ತು, ಗಾರ್ಡ್ ಮೂಗರಳಿಸಿ ನಿಂತುಬಿಟ್ಟ. ಕೈದಿಗಳನ್ನು ಗೋಡೆಗೆ ಆನಿಸಿ ಸಾಲಾಗಿ ನಿಲ್ಲಿಸಿದ. ಜಲೀಸಾ ವೇದಿಕೆಯ ಪಕ್ಕ ಸರದಿಗೆ ಕೂತಿದ್ದಳು. ತಲೆ ಎತ್ತಿದಳು. ಸಾಲಿನ ಕೊನೆಯಲ್ಲಿ ಅಪ್ಪ.

ಅವನು ಮೊದಲೇ ನೋಡಿದ್ದ. ಗಲ್ಲವನ್ನು ಒಂದಿಷ್ಟು ಅಲ್ಲಾಡಿಸಿದ. ನಾನು ಯಾರೋ, ನೀನು ಯಾರೋ ಅಂತ. ಮಾತಾಡಿದರೆ, ಕೈ ಎತ್ತಿದರೆ, ಭಾನುವಾರದ ಭೇಟಿ ಹೋಯಿತು. ಜಲೀಸಾ ಕಣ್ಣು ಕೆಳಗೆ ಹಾಕಿದಳು. ಹಿಂದಿನ ಸಾಲಲ್ಲಿ ಚರ್ಚಿನ ನೇರಳೆ ಟೋಪಿ ಹಾಕಿ ಕೂತಿದ್ದ ಅಜ್ಜಿಯೂ ನೋಡಿದ್ದಳು. ಅವಳೂ ಕಣ್ಣು ಕೆಳಗೆ ಹಾಕಿದಳು. ಹೆತ್ತವಳು ಒಂದು ಕಡೆ, ಹುಟ್ಟಿದವಳು ಒಂದು ಕಡೆ, ನಡುವೆ ಅವನು. ಮೂರು ಜನಕ್ಕೂ ಪರಿಚಯವಿಲ್ಲ.

ಸೆನೆಟರ್ ಬಂದರು. ಮಾತಾಡಿದರು. ಸ್ವಾತಂತ್ರ್ಯ ಅಂದರು, ಪೂರ್ವಜರು ಅಂದರು, ಸ್ವಾತಂತ್ರ್ಯ ಅಂತ ಮತ್ತೆ ಅಂದರು. ಚಪ್ಪಾಳೆ ಬಿತ್ತು. ಮುಂದಿನ ಸಾಲಲ್ಲಿ ಕೂತು, ತಟ್ಟೆ ತೊಡೆಮೇಲೆ ಇಟ್ಟುಕೊಂಡು ಮಕ್ಕಳ ಪಾಠ ಕೇಳತೊಡಗಿದರು. ಒಬ್ಬ ಹುಡುಗ ವಾಕ್ ಸ್ವಾತಂತ್ರ್ಯ ಒಪ್ಪಿಸಿದ. ಇನ್ನೊಬ್ಬಳು ರಾಜ್ಯಪಾಲರ ಅಧಿಕಾರ ಒಪ್ಪಿಸಿದಳು. ಸೆನೆಟರ್ ಪಕ್ಕದವರಿಗೆ ಏನೋ ಹೇಳಲು ಕೈ ಬೀಸಿದರು. ಸಿಹಿ ಚಹಾದ ಲೋಟ, ಮಾಂಸದ ಗೊಜ್ಜು, ಎಲ್ಲ ಅವರ ಕಾಲ ಬುಡಕ್ಕೆ ಚೆಲ್ಲಿತು.

ಗಾರ್ಡ್ ಬೆರಳು ಚಿಟಿಕೆ ಹೊಡೆದ.

“ಏಯ್ ಹುಡುಗ. ನೀನೇ, ಕೊನೇಲಿರೋನು. ಒರೆಸು.”

ಹುಡುಗನಿಗೆ ನಲವತ್ತನಾಲ್ಕು ವರ್ಷ. ಬಟ್ಟೆ ತಗೊಂಡು ಬಂದ, ಮಂಡಿಯೂರಿದ. ಬಲಗೈ ನೆಲಕ್ಕೆ ಊರಿ, ಬ್ಯಾಂಡೇಜಿನ ಎಡಗೈಯಲ್ಲಿ ಒರೆಸತೊಡಗಿದ. ಗೊಜ್ಜು ಬ್ಯಾಂಡೇಜಿಗೆ ಹತ್ತಿತು. ಸೆನೆಟರ್ ಮಾತು ನಿಲ್ಲಿಸಲಿಲ್ಲ. ಕೆಳಗೆ ನೋಡಲೂ ಇಲ್ಲ. ಒಂದು ಕಾಲು ಎತ್ತಿದರು. ಅವನು ಅದರ ಕೆಳಗೆ ಒರೆಸಿದ. ಇನ್ನೊಂದು ಕಾಲು ಎತ್ತಿದರು. ಅದರ ಕೆಳಗೂ ಒರೆಸಿದ. ಬೂಟಿನ ಮೇಲೆ ಒಂದು ಹನಿ ಇತ್ತು. ಕಾಲನ್ನು ಅವನ ಕಡೆಗೆ ಚೂರು ಚಾಚಿದರು.

“ಜಲೀಸಾ ಗ್ರೇಡಿ,” ಅಂತ ಹೋಲ್ಕಂಬ್ ಸರ್ ಕರೆದರು. “ಹದಿಮೂರನೇ ತಿದ್ದುಪಡಿ.”

ಅವಳು ಎದ್ದು ಮೈಕಿನ ಮುಂದೆ ನಿಂತಳು. ಅಪ್ಪನ ಬೆನ್ನು ಕಾಣುತ್ತಿತ್ತು, ಬೆನ್ನ ಮೇಲೆ ಜೈಲಿನ ಕಪ್ಪಕ್ಷರ ಕಾಣುತ್ತಿತ್ತು.

“ಗುಲಾಮಗಿರಿಯಾಗಲಿ, ಬಲವಂತದ ದುಡಿಮೆಯಾಗಲಿ…”

ಹಿಂದಿನ ಸಾಲಿನಿಂದ ಯಾರೋ ಮುದುಕ ಚರ್ಚಿನ ಅಭ್ಯಾಸಕ್ಕೆ “ಹ್ಞೂಂ, ಹೇಳು ಮಗಳೇ!” ಅಂದ. ನಮ್ಮವರಿಗೆ ಯಾರಾದರೂ ಮೈಕಿನ ಮುಂದೆ ನಿಂತರೆ ಸುಮ್ಮನೆ ಕೂರಲು ಬರೋದಿಲ್ಲ.

“…ವಿಧಿವತ್ತಾಗಿ ತಪ್ಪಿತಸ್ಥನೆಂದು ತೀರ್ಮಾನವಾದವನಿಗೆ ಅಪರಾಧದ ಶಿಕ್ಷೆಯಾಗಿ ವಿಧಿಸಿದ್ದನ್ನು ಬಿಟ್ಟು…”

ಹೋಲ್ಕಂಬ್ ಸರ್ ಕೈಯಲ್ಲಿದ್ದ ಹಾಳೆ ನೋಡಿದರು, ಅವಳನ್ನು ನೋಡಿದರು.

“…ಈ ದೇಶದಲ್ಲಿ ಎಲ್ಲಿಯೂ ಇರತಕ್ಕದ್ದಲ್ಲ. ಅರ್ಥ: ಗುಲಾಮರನ್ನು ಇಟ್ಟುಕೊಳ್ಳಬಾರದು. ಬೇಕೇ ಬೇಕು ಅಂದ್ರೆ ಮೊದಲು ಜೈಲಿಗೆ ಹಾಕಬೇಕು.”

“ಹೇಳು ಮಗಳೇ!” ಈ ಸಲ ಒಬ್ಬನ ದನಿಯಲ್ಲ, ಐದಾರು ಜನರದು.

ಸರ್ ಬಾಯಿಗೆ ವರ್ಷವೆಲ್ಲ ಕೇಳಿ ಕೇಳಿ ರೂಢಿಯಾದದ್ದೇ ಬಂತು. “ಉದಾಹರಣೆ?”

“ಸೆನೆಟರ್ ಸಾಹೇಬರ ಕಾಲ ಹತ್ತಿರ ಇದೆ ಸರ್. ನೋಡಿ.”

ಎಲ್ಲರೂ ನೋಡಿದರು. ಇಷ್ಟು ಹೊತ್ತು ಅಲ್ಲೊಬ್ಬ ಮನುಷ್ಯ ಮಂಡಿಯೂರಿದ್ದು ಯಾರಿಗೂ ಕಂಡಿರಲಿಲ್ಲ, ಈಗ ಕಂಡಿತು. ಸೆನೆಟರಿಗೂ ಕಂಡಿತು. ಅವರು ದೊಡ್ಡದಾಗಿ ನಕ್ಕರು. ಓಟು ಕೇಳೋ ನಗು.

“ಅಯ್ಯೋ ಮಗು, ಇವರು ಖುಷಿಯಿಂದ ಬರೋರು! ಹೊರಗಿನ ಗಾಳಿ ಸಿಗುತ್ತೆ, ಒಳ್ಳೇ ಊಟ ಸಿಗುತ್ತೆ. ಏನಪ್ಪಾ ಹುಡುಗ, ನಿನ್ನಿಷ್ಟದಿಂದ ತಾನೇ ಬಂದೆ? ಹೇಳಪ್ಪಾ ಆ ಮಗೂಗೆ.”

ಕ್ಲೀವನ್ ಬಗ್ಗಿಸಿದ ತಲೆ ಎತ್ತಲಿಲ್ಲ. ಗಾರ್ಡ್ ಹತ್ತಿರ ಬಂದ. “ಹೌದು ಸಾರ್ ಅನ್ನು.”

ಜಲೀಸಾ ಮನಸ್ಸಲ್ಲೇ ಬೇಡಿಕೊಂಡಳು. ಹೌದು ಅನ್ನು ಅಪ್ಪ. ಅಂದುಬಿಡು, ಸಾಕು. ನಾನೇ ತಪ್ಪು ಮಾಡಿದೆ. ಭಾನುವಾರ ಬರ್ತೀನಿ, ಕಾಲು ಹಿಡೀತೀನಿ.

ಅವನು ಎದ್ದ. ನಿಧಾನವಾಗಿ ಎದ್ದ, ಮಂಡಿ ಹಿಡಿದಿತ್ತು. ಒದ್ದೆ ಬಟ್ಟೆಯನ್ನು ಸೆನೆಟರರ ತಟ್ಟೆಯ ಮೇಲೆ ಇಟ್ಟ.

“ಇಲ್ಲ ಸಾರ್,” ಅಂದ. “ಇಷ್ಟ ಇಲ್ಲ. ಮಿಕ್ಕಿದ್ದು ನೀವೇ ಒರೆಸ್ಕೊಳ್ಳಿ.”

ಇಬ್ಬರು ಗಾರ್ಡ್‌ಗಳು ತೋಳು ತಿರುಚಿ ಎಳೆದುಕೊಂಡು ಹೋದರು. ಸುಟ್ಟ ಕೈಯನ್ನೇ ಹಿಡಿದಿದ್ದರು. ಅವನು ಕೂಗಲಿಲ್ಲ. ಬಾಗಿಲ ತನಕ ಜಲೀಸಾ ಕಡೆ ನೋಡಲೂ ಇಲ್ಲ, ನೋಡಿದರೆ ಯಾರಿಗಾದರೂ ತಿಳಿದುಬಿಡುತ್ತದೆ ಅಂತ. ವಾದ್ಯದವರು ಗಾಬರಿಯಲ್ಲಿ ರಾಷ್ಟ್ರಗೀತೆ ಶುರು ಮಾಡಿದರು. ಎಲ್ಲರೂ ಎದೆ ಮೇಲೆ ಕೈ ಇಟ್ಟುಕೊಂಡು ಎದ್ದು ನಿಂತರು.

ಭಾನುವಾರ ಜೈಲಿನ ಗೇಟಿನಲ್ಲೇ ತಡೆದರು. ಮಬ್ರಿ ಕತ್ತಲೆ ಕೋಣೆಯಲ್ಲಿದ್ದಾನೆ, ಭೇಟಿ ಇಲ್ಲ. ಮುಂದಿನ ವಾರ? ಇಲ್ಲ. ಯಾವಾಗ? ಕಾಗದ ಬರುತ್ತೆ. ಪೆರೋಲ್? ಗೇಟಿನವನು ನಕ್ಕುಬಿಟ್ಟ. ಬಸ್ ನಿಲ್ದಾಣ ಮುಟ್ಟುತ್ತಲೇ ಅಜ್ಜಿ ಜಲೀಸಾಳ ಮೇಲೆ ಹರಿಹಾಯ್ದಳು.

“ಒಂದು ಸಾಲು ನುಂಗು ಅಂದೆ. ಒಂದೇ ಒಂದು ಸಾಲು! ಆಗ್ಲಿಲ್ವಾ ನಿನ್ನ ಕೈಲಿ? ನನ್ನ ಮಗ ಅಲ್ಲಿ ನೆಲ ಒರೆಸ್ತಿದ್ದ. ನಂಗೆ ಕಣ್ಣಿರಲಿಲ್ವಾ? ನಂಗೆ ಉರೀಲಿಲ್ವಾ? ಕೂತಿದ್ನಲ್ಲ ನಾನು, ಬಾಯಿ ಮುಚ್ಕೊಂಡು! ಅವನನ್ನೂ ಕಳೆದೆ, ಡಿಪ್ಲೊಮಾನೂ ಕಳೆದೆ. ಈಗ ಖುಷೀನಾ?”

ಅಜ್ಜಿಯ ಮಾತು ಸುಳ್ಳಲ್ಲ. ಒಪ್ಪಿಸಿದ್ದಕ್ಕೆ ಪೂರ್ತಿ ಅಂಕ ಬಂದಿತ್ತು, ಅರ್ಥಕ್ಕೆ ಅರ್ಧ. ಉದಾಹರಣೆಗೆ ಸೊನ್ನೆ, ಪಕ್ಕದಲ್ಲಿ ‘ಅನುಚಿತ’ ಅಂತ ಷರಾ. ಒಟ್ಟು ಫೇಲು.

ಆದರೆ ಪ್ರಿನ್ಸಿಪಾಲ್ ಸ್ಟಾಕ್‌ಡೇಲ್ ಕರುಣಾಮಯಿ. ಮಗುವಿನ ಬದುಕು ಹಾಳಾಗಬಾರದು ಅಂತ ಅಜ್ಜಿ ಮೊಮ್ಮಗಳು ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು. ಕಾಫಿ ಬೇಕಾ ಅಂತಲೂ ಕೇಳಿದರು. ಅಜ್ಜಿ ಬೇಡ ಅಂದಳು. ನೇರಳೆ ಟೋಪಿ ಹಾಕಿಕೊಂಡೇ ಬಂದಿದ್ದಳು. ದಾರಿಯುದ್ದಕ್ಕೂ ಜಲೀಸಾಳಿಗೆ ಒಂದೇ ಮಾತು ಹೇಳಿಕೊಂಡು ಬಂದಿದ್ದಳು: ಅವರು ಹೇಳಿದ್ದು ಹೇಳು, ತಗೋ, ಬಾ.

“ನೋಡಮ್ಮ, ಸಿಂಪಲ್,” ಅಂದರು ಸ್ಟಾಕ್‌ಡೇಲ್. “ಇಲ್ಲಿ ಯಾರೂ ಇಲ್ಲ. ಮೈಕ್ ಇಲ್ಲ. ಸರ್ ಹೊಡೆದು ಹಾಕಿದ್ದನ್ನ ಬಿಟ್ಟು ಮಿಕ್ಕಿದ್ದು ಒಪ್ಪಿಸು. ಅರ್ಥ ನಾನು ಬರೆದಿಟ್ಟಿದ್ದೀನಿ, ಇದನ್ನ ಓದು. ಈಗಲೇ ಪಾಸ್ ಅಂತ ಸಹಿ ಹಾಕ್ತೀನಿ.”

“ಅವಳು ಅವತ್ತು ಹೇಳಿದ ಅರ್ಥ ತಪ್ಪಾ ಸಾರ್?” ಅಂತ ಅಜ್ಜಿ ಮೆತ್ತಗೆ ಕೇಳಿದಳು. ಸುಮ್ಮನೆ ತಿಳಕೊಳ್ಳೋಕೆ ಕೇಳಿದ ಹಾಗಿತ್ತು.

“ತಪ್ಪು ಅಂತಲ್ಲ ಅಮ್ಮ. ಸರಿಯಾದ ಅರ್ಥ ಅಲ್ಲ.”

“ಸರಿಯಾದ್ದು ಯಾವುದು ಅಂತ ಯಾರು ಹೇಳ್ತಾರೆ ಸಾರ್?”

“ಈ ಕೋಣೇಲಿ?” ಸ್ಟಾಕ್‌ಡೇಲ್ ಮುಗುಳ್ನಕ್ಕರು. “ನಾನು.”

ಅಜ್ಜಿ ಕುರ್ಚಿಯಲ್ಲಿ ಹಿಂದಕ್ಕೆ ಆತುಕೊಂಡಳು. ಆಮೇಲೆ ಜಲೀಸಾ ಹುಟ್ಟಿದಂದಿನಿಂದ ಕೇಳಿರದ ಒಂದು ದನಿಯಲ್ಲಿ ಶುರು ಮಾಡಿದಳು.

“ನಮ್ಮಮ್ಮ ಹ್ಯಾಟಿ ಓಟಿನ ಪಟ್ಟಿಗೆ ಹೆಸರು ಸೇರಿಸಬೇಕು ಅಂತ ಕೌಂಟಿ ಕಚೇರಿಗೆ ಹೋಗಿದ್ಲು. ನಾನು ಚಿಕ್ಕೋಳು, ಅವಳ ಲಂಗ ಹಿಡ್ಕೊಂಡು ನಿಂತಿದ್ದೆ. ಆಗ ಕರಿಯರಿಗೆ ಸಂವಿಧಾನ ಓದಿಸೋರು ಸಾರ್. ರಾಜ್ಯದ್ದು. ಒಂದು ವಿಧಿ ಕೊಟ್ಟು ಅರ್ಥ ಹೇಳು ಅನ್ನೋರು. ನಮ್ಮಮ್ಮ ಹತ್ತಿ ಬಿಡಿಸಿ ಬಂದು, ಬೆರಳಲ್ಲಿ ರಕ್ತ ಸೋರ್ತಿದ್ರೂ ಓದಿ ಓದಿ ಕಲ್ತಿದ್ಲು. ತಡವರಿಸದೆ ಹೇಳಿದ್ಲು. ಗುಮಾಸ್ತ ತಪ್ಪು ಅಂದ. ಸರಿಯಾದ್ದು ಯಾವುದು ಸಾರ್ ಅಂತ ನಮ್ಮಮ್ಮ ಕೇಳಿದ್ಲು. ನಾನು ಹೇಳಿದ್ದು ಅಂದ. ಹಿಂಗೇ ನಕ್ಕ. ಹಿಂದೆ ನಿಂತಿದ್ದ ಬಿಳಿಯನಿಗೆ ಹೆಸರು ಕೇಳಿದ, ಬರ್ಕೊಂಡ, ಅಷ್ಟೆ.”

“ಅದು ಆ ಕಾಲ ಅಮ್ಮ,” ಅಂದರು ಸ್ಟಾಕ್‌ಡೇಲ್. ಗಡಿಯಾರ ನೋಡಿಕೊಂಡರು.

“ನಮ್ಮಮ್ಮ ‘ಸರಿ ಸಾರ್’ ಅಂದ್ಲು. ಅಂದು, ಅವನಿಗೆ ಬೆನ್ನು ತೋರಿಸಬಾರದು ಅಂತ ಹಿಂದಹಿಂದಕ್ಕೇ ಹೆಜ್ಜೆ ಇಟ್ಕೊಂಡು ಬಾಗಿಲ ತನಕ ಬಂದ್ಲು. ನಾನೂ ಹಂಗೇ ಬಂದೆ. ಬದುಕೆಲ್ಲ ಹಂಗೇ ಬಂದೆ ಸಾರ್. ಈ ಮಗೂಗೂ ಹಂಗೇ ನಡಿ ಅಂತ ಹೇಳಿ ಕರ್ಕೊಂಡು ಬಂದಿದ್ದೆ.” ಅವಳು ಜಲೀಸಾ ಕಡೆ ತಿರುಗಿದಳು. ಕಣ್ಣು ತುಂಬಿತ್ತು, ಆದರೆ ಅದು ಅಳು ಅಲ್ಲ, ರೋಷ. “ನಂಗೆ ಡಿಪ್ಲೊಮಾ ಬೇಡ. ನಿಂಗೆ?”

ಜಲೀಸಾಳಿಗೆ ಬೇಕಿತ್ತು. ಬೇಡ ಅಂದರೆ ಸುಳ್ಳಾಗುತ್ತದೆ. ಆ ಸೀಟು ಬೇಕಿತ್ತು, ಆಸ್ಪತ್ರೆಯ ಆ ಬಟ್ಟೆ ಬೇಕಿತ್ತು, ಸುಟ್ಟ ಕೈಗೆ ಮುಲಾಮು ಹಚ್ಚಿ ಸರಿಯಾಗಿ ಬ್ಯಾಂಡೇಜು ಸುತ್ತೋದು ಕಲಿಯಬೇಕಿತ್ತು. ಮೇಜಿನ ಮೇಲೆ ಹಾಳೆ ಇತ್ತು, ಪೆನ್ನು ಇತ್ತು, ಅರ್ಧ ನಿಮಿಷದ ಕೆಲಸ.

ಅವಳು ಎದ್ದು ನಿಂತಳು. ಹದಿಮೂರನೇ ತಿದ್ದುಪಡಿ ಒಪ್ಪಿಸಿದಳು. ಪೂರ್ತಿ ಒಪ್ಪಿಸಿದಳು. ನಡುವಿನ ಸಾಲು ಬಂದಾಗ ದನಿ ಏರಿಸಿ, ಬಿಡಿಬಿಡಿಯಾಗಿ ಹೇಳಿದಳು. ಹೊರಗೆ ಟೈಪ್ ಮಾಡುತ್ತಿದ್ದವಳು ಕೈ ನಿಲ್ಲಿಸಿದಳು.

ಸ್ಟಾಕ್‌ಡೇಲ್ ನಿಟ್ಟುಸಿರು ಬಿಟ್ಟು ಪೆನ್ನು ತಗೊಂಡರು. “ನಿನ್ನ ಹಣೆಬರಹ ನೀನೇ ಬರಕೊಂಡೆ ಮಗು. ಫೇಲ್ ಅಂತ ಹಾಕಬೇಕಾಗುತ್ತೆ.”

“ಇನ್ನೂ ಮುಗಿದಿಲ್ಲ ಸರ್. ಉದಾಹರಣೆ ಬಾಕಿ ಇದೆ,” ಅಂದಳು ಜಲೀಸಾ. “ಅವತ್ತು ಹೆಸರು ಹೇಳಿರಲಿಲ್ಲ. ಹೇಳಿದ್ರೆ ಅವರಿಗೆ ಶಿಕ್ಷೆ ಆಗುತ್ತೆ ಅಂತ. ಈಗ ಆಗೋದೆಲ್ಲ ಆಗಿದೆ. ಕ್ಲೀವನ್ ಮಬ್ರಿ. ನಮ್ಮಪ್ಪ.”

ಸ್ಟಾಕ್‌ಡೇಲರ ಪೆನ್ನು ಹಾಳೆಯ ಮೇಲೆ ನಿಂತಿತು. “ಆ ನೆಲ ಒರೆಸಿದವನು… ನಿನ್ನ ತಂದೆಯಾ?”

ಅಜ್ಜಿ ಎದ್ದಳು. ಮಡಿಸಿದ ಬೆರಳಿನ ಮುಷ್ಟಿಯನ್ನು ಅವರ ಮೇಜಿನ ಮೇಲೆ, ಹಾಳೆಯ ಪಕ್ಕದಲ್ಲಿ ಊರಿದಳು.

“ನನ್ನ ಮಗ,” ಅಂದಳು. “ಕ್ಲೀವನ್ ಮಬ್ರಿ ನನ್ನ ಮಗ. ಮೊದಲು ಅದನ್ನ ಬರಕೊಳ್ಳಿ. ಆಮೇಲೆ ಫೇಲ್ ಅಂತ ಬರೀರಿ.”